ಟಿ.ಇ.ಟಿ. ಪರೀಕ್ಷೆ: ಒಂದು ಪ್ರಶ್ನೆಯನ್ನೂ ಬಿಡಬೇಡಿ



ಸೋಗಾನೆಯ ನಮ್ಮ ಸಹೋದರಿಯೊಬ್ಬರು ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ 87 ಅಂಕ ಪಡೆದರು. ಬೇಕಿದ್ದುದು 150ಕ್ಕೆ 90. 2ಬಿ ಪ್ರವರ್ಗಕ್ಕೂ ರಿಯಾಯಿತಿ ಇಲ್ಲ. ತಪ್ಪಿಗೆ ಅಂಕ ಕಳೆಯುತ್ತಾರೆಂದು ಹೆದರಿ ಹನ್ನೊಂದು ಪ್ರಶ್ನೆ ಬಿಟ್ಟು ಬಂದಿದ್ದರು. ಈ ಪರೀಕ್ಷೆಯಲ್ಲಿ ಹಾಗೆ ಕಳೆಯುವ ಪದ್ಧತಿಯೇ ಇಲ್ಲ!

ಮೊದಲ ಪತ್ರಿಕೆಯಲ್ಲಿ ಐದು ಭಾಗ, ತಲಾ 30 ಅಂಕ. ಉರ್ದುವನ್ನು ಮೊದಲ ಭಾಷೆಯಾಗಿ ಆರಿಸಬಹುದು. ಆದರೆ ಎರಡನೆಯ ಭಾಷೆಯನ್ನು ಕಡೆಗಣಿಸಬೇಡಿ. ಶಿಶು ವಿಕಸನ, ಗಣಿತಕ್ಕೆ ದಿನವೂ ಒಂದೊಂದು ಗಂಟೆ ಕೊಡಿ. ಸರ್ಕಾರಿ ಪಠ್ಯಪುಸ್ತಕಗಳನ್ನು ಬಿಡದೆ ಓದಿ.

ಅರ್ಹತೆಯೇ ನೌಕರಿಯಲ್ಲ, ನಿಜ. ಆದರೆ ಅದಿಲ್ಲದೆ ನೇಮಕಾತಿಯ ಬಾಗಿಲು ತೆರೆಯದು. 2021ರ ತೀರ್ಮಾನದಂತೆ ಪ್ರಮಾಣಪತ್ರ ಜೀವನಪರ್ಯಂತ ಸಿಂಧು. ಆ ಸಹೋದರಿ ಮತ್ತೆ ಓದುತ್ತಿದ್ದಾರೆ. ನೀವೂ ಓದಿರಿ. ಅಲ್ಲಾಹನು ಯಶಸ್ಸು ನೀಡಲಿ, ಆಮೀನ್.