ಅಡಿಗೆ ಹನ್ನೊಂದೇ ಇಂಚು



ವಾಷಿಂಗ್ಟನ್ ಕಡೆಯಿಂದ, ಅಟ್ಲಾಂಟಾದಿಂದ, ಎರಡೂ ಕೆರೊಲೈನಾಗಳಿಂದ ಕಾರು ಓಡಿಸಿಕೊಂಡು ಬಂದಿದ್ದೀರಿ. ಊಟಕ್ಕೆ ಮುಂಚೆ ಸ್ವಲ್ಪ ಹೊತ್ತು ಮಾತಾಡಿ ಅಂತ ಕಮಿಟಿಯವರು ಕೇಳಿದಾಗ, "ನನಗೆ ಗೊತ್ತಿರೋದು ಪಿಡಿಎಫ್ ಫೈಲನ್ನ ಆಟೋಕ್ಯಾಡ್‌ಗೆ ತರೋದು ಒಂದೇ" ಅಂದೆ. "ಅದನ್ನೇ ಹೇಳಿ" ಅಂದರು. ನಿಮ್ಮಲ್ಲಿ ಕ್ಯಾಡ್ ಕೆಲಸ ಮಾಡೋರು ಕೆಲವರೇ ಇರಬಹುದು. ಆದರೆ ಊರಲ್ಲಿ ಮನೆ ಕಟ್ಟಿಸ್ತಾ, ವಾಟ್ಸಾಪ್‌ನಲ್ಲಿ ಪ್ಲಾನ್ ತರಿಸಿ ನೋಡೋರು ತುಂಬಾ ಜನ ಇದ್ದೀರಿ. ಈ ಮಾತು ಅವರಿಗೂ ಸೇರಿದ್ದು.

ನನ್ನ ಮೊದಲ ಕೆಲಸ ವರ್ಜೀನಿಯಾದಲ್ಲಿ. ವಾಷಿಂಗ್ಟನ್ನಿನ ಹಳೇ ಕಟ್ಟಡಗಳನ್ನು ನವೀಕರಿಸುವಾಗ ಬೇಕಾದ ನಕ್ಷೆ ತಯಾರಿಸೋದು. ಮೂಲ ನಕ್ಷೆಗಳು ಕಾಗದದ ಮೇಲೆ ಕೈಯಲ್ಲಿ ಬರೆದಂಥವು. ನಮಗೆ ಸಿಗ್ತಿದ್ದದ್ದು ಅವುಗಳ ಸ್ಕ್ಯಾನ್. ಹೆಸರಿಗೆ ಪಿಡಿಎಫ್, ಒಳಗಿರೋದು ಫೋಟೋ. ಅದನ್ನು ಕೆಳಗೆ ಹಾಸಿಕೊಂಡು ಮೇಲೆ ಹೊಸದಾಗಿ ಗೆರೆ ಎಳೀಬೇಕು. ಚಿಕ್ಕಂದಿನಲ್ಲಿ ಎಣ್ಣೆ ಸವರಿದ ಕಾಗದ ಇಟ್ಟು ಮ್ಯಾಪು ಇಳಿಸ್ತಿದ್ವಲ್ಲ, ಹಾಗೇ.

2016ರಲ್ಲಿ ಬಂದ ಆಟೋಕ್ಯಾಡ್ 2017ರಲ್ಲಿ 'ಪಿಡಿಎಫ್‌ಇಂಪೋರ್ಟ್' ಅನ್ನೋ ಕಮಾಂಡು ಸೇರಿತು. ಕ್ಯಾಡ್‌ನಿಂದಲೇ ಮಾಡಿದ ಪಿಡಿಎಫ್ ಆಗಿದ್ದರೆ ಗೆರೆ ಗೆರೆಯಾಗಿ, ಅಕ್ಷರ ಅಕ್ಷರವಾಗಿ ಬರುತ್ತೆ. ಎರಡು ದಿನದ ಕೆಲಸ ಎರಡು ನಿಮಿಷಕ್ಕಿಳೀತು. ಯಾವ ಜಾತಿಯ ಫೈಲು ಅಂತ ತಿಳಿಯೋದು ಸುಲಭ: ಚೆನ್ನಾಗಿ ಜೂಮ್ ಮಾಡಿ. ಗೆರೆ ಚೂಪಾಗೇ ಉಳಿದರೆ ಅದು ನಿಜವಾದ ಗೆರೆ. ಚೌಕ ಚೌಕವಾಗಿ ಒಡೆದರೆ ಫೋಟೋ. ಅದರಿಂದ ಗೆರೆ ಹುಟ್ಟಲ್ಲ.

ಆದರೆ ಒಂದು ವಿಷಯ ನನಗಾಗ ತಲೆಗೆ ಹೋಗಿರಲಿಲ್ಲ. ಅಡೋಬಿಯವರು 1993ರಲ್ಲಿ ಪಿಡಿಎಫ್ ತಂದದ್ದು, ಒಂದು ಪುಟ ಎಲ್ಲಿ ತೆಗೆದರೂ ಒಂದೇ ಥರ ಕಾಣಲಿ ಅಂತ. ಅದಕ್ಕೆ ಗೊತ್ತಿರೋದು ಪುಟ ಮಾತ್ರ. ಇಂಚಿಗೆ 72 ಅನ್ನೋ ಲೆಕ್ಕದಲ್ಲಿ ಕಾಗದದ ಮೇಲೆ ಎಲ್ಲೆಲ್ಲಿ ಮಸಿ ಬೀಳಬೇಕು ಅಂತ ಗೊತ್ತು, ಅಷ್ಟೇ. ಇದು ಗೋಡೆ, ಇದು ಬಾಗಿಲು ಅಂತ ಗೊತ್ತಿಲ್ಲ. ಕ್ಯಾಡ್‌ನಲ್ಲಿ ಡೈಮೆನ್ಷನ್ನು ಗೋಡೆಗೆ ಅಂಟಿಕೊಂಡಿರುತ್ತೆ. ಗೋಡೆ ಎಳೆದರೆ ಅಂಕಿ ತಾನೇ ಬದಲಾಗುತ್ತೆ. ಪಿಡಿಎಫ್ ದಾಟಿ ಬಂದಮೇಲೆ ಗೆರೆ ಬೇರೆ, ಅಂಕಿ ಬೇರೆ. ಒಂದಕ್ಕೊಂದು ಪರಿಚಯವೇ ಇಲ್ಲ.

ಇದು ನನಗೆ ಅರ್ಥ ಆಗಿದ್ದು 2018ರಲ್ಲಿ, ಅಟ್ಲಾಂಟಾದಲ್ಲಿ. ಒಂದು ಆಫೀಸು ಕಟ್ಟಡಕ್ಕೆ ಏಸಿ ಡಕ್ಟಿನ ನಕ್ಷೆ ಮಾಡ್ತಿದ್ದೆ. 24 ಇಂಚು, 36 ಇಂಚಿನ ಹಾಳೆಯಲ್ಲಿ ಬರೆದ ಪ್ಲಾನು. ಯಾರೋ ಅದನ್ನು 11 ಇಂಚು, 17 ಇಂಚಿನ ಹಾಳೆಗೆ ಹಿಡಿಸಿ ಪಿಡಿಎಫ್ ಮಾಡಿ ಕಳಿಸಿದ್ದರು. ಅಲ್ಲಿ 11-17 ಅಂದರೆ 'ಅರ್ಧ ಸೈಜು' ಅಂತಲೇ ವಾಡಿಕೆ. ಅಡಿಗೆ ಒಂದೆಂಟಾಂಶ ಇಂಚಿನ ಪ್ಲಾನು, ಅಂದರೆ ಅಳತೆ 96ರಲ್ಲಿ ಒಂದು ಪಾಲು. ಅರ್ಧ ಸೈಜಾದ್ದರಿಂದ ಅದರ ದುಪ್ಪಟ್ಟು, 192 ಅಂತ ಒತ್ತಿ ಇಂಪೋರ್ಟ್ ಮಾಡಿದೆ. ಚೆನ್ನಾಗಿ ಬಂತು.

ಈಗ ಲೆಕ್ಕ ಹಾಕಿ. 24ರ ಅರ್ಧ 12, ಹನ್ನೊಂದಲ್ಲ. 22 ಇಂಚು, 34 ಇಂಚಿನ ಹಾಳೆಗೆ 11-17 ಸರಿಯಾದ ಅರ್ಧ, 24-36ಕ್ಕೆ ಅಲ್ಲ. ನನ್ನ ನಕ್ಷೆಯಲ್ಲಿ ಪ್ರತಿ ಅಡಿಯೂ 11 ಇಂಚಾಗಿತ್ತು! ಎಲ್ಲವೂ ಒಂದೇ ಸಮ ಕುಗ್ಗಿದ್ದರಿಂದ ಕಣ್ಣಿಗೆ ಏನೂ ಗೊತ್ತಾಗಲಿಲ್ಲ. ಆ ಗೆರೆಗಳ ಮೇಲೇ ಅಳೆದು ಡಕ್ಟಿನ ಉದ್ದ ಕೊಟ್ಟೆ. ತಗಡು ಕತ್ತರಿಸಿಯೂ ಆಯ್ತು.

ಸೈಟಿನಿಂದ ಫೋರ್‌ಮನ್ ಫೋನ್ ಮಾಡಿದ. "ಇಲ್ಲಿ ಗೋಡೆ 24 ಅಡಿ ಇದೆ, ನಿನ್ನ ಪೀಸುಗಳು ಸೇರಿಸಿದರೆ 22 ಬರ್ತಿದೆ" ಅಂದ. ಫೈಲು ತೆಗೆದು ನೋಡ್ತೀನಿ, ಗೋಡೆ ಪಕ್ಕದಲ್ಲೇ 24 ಅಡಿ ಅಂತ ಬರೆದಿದೆ. ಗೆರೆ ಅಳೆದರೆ 22. ವಾರಗಟ್ಟಲೆ ನನ್ನ ಕಣ್ಣ ಮುಂದೇ ಇತ್ತು.

ನಾನಾಗ ಎಚ್-1ಬಿ ಮೇಲೆ ಇದ್ದೆ. ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಹೆಂಡತಿಗೆ ಏಳು ತಿಂಗಳು. ಪಿಡಿಎಫ್ ಕಳಿಸಿದವರದೇ ತಪ್ಪು ಅಂತ ಒಂದು ಈಮೇಲ್ ಬರೆದಿಟ್ಟುಕೊಂಡೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೂ ಕಳಿಸೋಕೆ ಕೈ ಬರಲಿಲ್ಲ. ಅಳೆದು ನೋಡಬೇಕಾಗಿದ್ದವನು ನಾನು. ಬೆಳಿಗ್ಗೆ ಹೋಗಿ ಮೇಲಿನವರ ಹತ್ತಿರ, "ನಾನು ಚೆಕ್ ಮಾಡಲಿಲ್ಲ" ಅಂತ ಹೇಳಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೇಗೆ ಚೆಕ್ ಮಾಡಬೇಕು ಅಂತ ಒಂದು ಹಾಳೇಲಿ ಬರೆದು ಎಲ್ಲರಿಗೂ ಕೊಡು" ಅಂದರು. ಕೆಲಸ ಉಳೀತು.

ಆ ಹಾಳೆಯಲ್ಲಿ ಬರೆದದ್ದು ಇಷ್ಟೇ. ಮೊದಲು ಫೋಟೋನೋ ಗೆರೆಯೋ ನೋಡು. ಹಾಳೆಯ ಸೈಜು ನೋಡು, ಸ್ಕೇಲ್ ಬರೆದಿದ್ದರೂ ನಂಬಬೇಡ. ಇಂಪೋರ್ಟ್ ಆದಮೇಲೆ ಅಂಕಿ ಗೊತ್ತಿರುವ ಒಂದು ಉದ್ದ ಗೋಡೆ ಹುಡುಕಿ ಅಳೆ. ತಾಳೆ ಆಗದಿದ್ದರೆ 'ಸ್ಕೇಲ್' ಕಮಾಂಡಿನಲ್ಲಿ 'ರೆಫರೆನ್ಸ್' ಕೊಟ್ಟು ಸರಿಮಾಡು. ಅಡ್ಡ ಒಂದು ಸಲ, ಉದ್ದ ಒಂದು ಸಲ ಅಳೆ, ಯಾಕಂದರೆ ಸ್ಕ್ಯಾನ್ ಮಾಡುವಾಗ ಹಾಳೆ ಒಂದು ಕಡೆ ಮಾತ್ರ ಎಳೆದುಕೊಂಡಿರಬಹುದು. ಗೆರೆಗೂ ಅಂಕಿಗೂ ಜಗಳ ಬಂದರೆ ಬರೆದ ಅಂಕಿಯೇ ದೊಡ್ಡದು. ಆದರೂ ಅನುಮಾನ ಇದ್ದರೆ ಸೈಟಿನಲ್ಲಿ ಟೇಪು ಹಿಡಿದವನನ್ನ ಕೇಳು.

ಈಗ ಊರಿನ ಮಾತು. ಷಾರ್ಲೆಟ್‌ಗೆ ಬಂದಮೇಲೆ ಹಾಸನದಲ್ಲಿ 30-40 ಸೈಟಲ್ಲಿ ಅಮ್ಮನಿಗೆ ಮನೆ ಶುರುಮಾಡಿದ್ವಿ. ತಮ್ಮ ಪ್ಲಾನನ್ನು ವಾಟ್ಸಾಪ್‌ನಲ್ಲಿ ಫೋಟೋ ಹೊಡೆದು ಕಳಿಸಿದ. "ಫೋಟೋ ಬೇಡ ಕಣೋ, ಇಂಜಿನಿಯರ್ ಹತ್ತಿರ ಪಿಡಿಎಫ್ ಇಸ್ಕೊಂಡು ಡಾಕ್ಯುಮೆಂಟ್ ಅಂತ ಕಳಿಸು" ಅಂದೆ. ಬಂತು. ಇಂಪೋರ್ಟ್ ಮಾಡಿದರೆ ಹಳೇ ನುಡಿ ಫಾಂಟಿನ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿತ್ತು! ಬಚ್ಚಲು ಯಾವುದು, ದೇವರಮನೆ ಯಾವುದು ಅಂತ ಮೂಲ ಪಿಡಿಎಫ್ ಪಕ್ಕದಲ್ಲಿಟ್ಟು ಓದಿಕೊಂಡೆ. 40 ಅಡಿ ಕಡೆ ಅಳೆದು ಸ್ಕೇಲ್ ಸರಿಮಾಡಿದೆ. ಸೈಟಿನಲ್ಲಿ ತಮ್ಮನ ಕೈಲಿ ಟೇಪು ಹಿಡಿಸಿದೆ. ತಾಳೆ ಆಯ್ತು.

ಆಮೇಲೆ ಒಂದೊಂದೇ ಬಾಗಿಲು ಅಳೆದೆ. ಬಚ್ಚಲ ಬಾಗಿಲು ಎರಡೂವರೆ ಅಡಿ. ಚೌಕಟ್ಟು ಕಳೆದರೆ ಎರಡಡಿ ಚಿಲ್ಲರೆ. ಅಮ್ಮ ಮೊಣಕಾಲು ಆಪರೇಷನ್ ಆದಮೇಲೆ ವಾಕರ್ ಹಿಡಿದು ಓಡಾಡ್ತಾರೆ. ತಮ್ಮ ವಾಕರ್ ಅಳೆದು ಹೇಳಿದ, ಅಗಲ ಹೆಚ್ಚುಕಡಿಮೆ ಅಷ್ಟೇ ಇತ್ತು. ಇಂಜಿನಿಯರ್‌ಗೆ ಫೋನ್ ಮಾಡಿ, "ಸಾರ್, ಇದೊಂದು ಮೂರಡಿ ಮಾಡಿಕೊಡಿ" ಅಂದೆ. ಗೋಡೆ ಇನ್ನೂ ಎದ್ದಿರಲಿಲ್ಲ. ಮಾಡಿಕೊಟ್ಟರು.

ನಾವೆಲ್ಲ ದೂರದಲ್ಲಿ ಕೂತು ಪರದೆ ನೋಡಿ ಊರಿನ ಮನೆ ಕಟ್ಟೋರು. ಪರದೆ ಮೇಲೆ ಎಲ್ಲ ಚೆನ್ನಾಗೇ ಕಾಣುತ್ತೆ. ಆದರೂ ಒಂದು ಗೋಡೆಯನ್ನಾದರೂ ಅಳೆಸಿ ನೋಡಿ. ಫೈಲು ತರೋಕೆ ಕಷ್ಟ ಆದರೆ ನನ್ನ ಹತ್ತಿರ ಬನ್ನಿ, ಕೂತು ಮಾಡಿಕೊಡ್ತೀನಿ. ಟೇಪು ಹಿಡಿಯೋಕೆ ಮಾತ್ರ ಊರಲ್ಲಿ ಒಬ್ಬರನ್ನು ನೋಡಿಕೊಳ್ಳಿ.

ಊಟ ತಣ್ಣಗಾಗ್ತಿದೆ.