ಮಕ್ಕಳ ಆಟ ಮತ್ತು ಮನೆಯ ದುಡಿಮೆ
(ಹನುಮಸಾಗರದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಮಕ್ಕಳು ಆಟದಲ್ಲಿ ಹಿಂದೆ ಬಿದ್ದರೆ ತಾಯಿತಂದೆಗಳಿಗೆ ಆಸಕ್ತಿಯಿಲ್ಲವೆಂದು ದೂರುವವರಿದ್ದಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಮಳೆ ಕೈಕೊಟ್ಟ ವರ್ಷ ಕುಷ್ಟಗಿ ಸೀಮೆಯ ಕುಟುಂಬಗಳು ಮಕ್ಕಳನ್ನೂ ಕಟ್ಟಿಕೊಂಡು ಗುಳೆ ಹೋಗುತ್ತವೆ. ಊರಲ್ಲುಳಿದವರಲ್ಲಿ ಸಣ್ಣ ವ್ಯಾಪಾರಿಯ ಮಗ ಸಂಜೆ ಅಂಗಡಿ ಕಾಯಬೇಕು. ಗಿರಣಿ ಕಾರ್ಮಿಕನ ಮಗಳು ನೀರು ತರಬೇಕು, ತಮ್ಮನನ್ನು ಎತ್ತಿಕೊಳ್ಳಬೇಕು. ಖೊಖೊ, ಕಬಡ್ಡಿಗೆ ಹೆಚ್ಚು ಕಾಸು ಬೇಡ, ನಿಜ. ಆದರೆ ಬಿಡುವು ಬೇಕು, ಹೊಟ್ಟೆ ತುಂಬ ಊಟ ಬೇಕು. ಬಡವರ ಮನೆಯಲ್ಲಿ ಅವೆರಡೂ ತುಟ್ಟಿ.

ಕುಂದಾಪುರ ಸೀಮೆಯ ರೈತರ ಮಗಳು ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದರು. ಹಳ್ಳಿಯ ಮಕ್ಕಳಲ್ಲಿ ಶಕ್ತಿಯಿದೆ. ಆದರೆ ಒಬ್ಬರ ಗೆಲುವನ್ನು ತೋರಿಸಿ ಸಾವಿರ ಮಕ್ಕಳನ್ನು ಮರೆಯಲಾಗದು.

2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಮಧ್ಯಾಹ್ನದ ಅನ್ನದ ಹೊಣೆ ಹೊತ್ತ ಸರ್ಕಾರ ಆಟದ ಹೊಣೆಯನ್ನೇಕೆ ಹೊರಬಾರದು? ಪ್ರತಿ ಶಾಲೆಗೂ ಆಟದ ಬಯಲು, ಆಟದ ಸಾಮಾನು ಇರಬೇಕೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯೇ ಹೇಳುತ್ತದೆ. ಆಟ ಶಾಲೆಯ ವೇಳೆಯಲ್ಲೇ ನಡೆಯಲಿ. ಗುಳೆ ಹೋದವರ ಮಕ್ಕಳಿಗೆ ಊರಲ್ಲೇ ವಸತಿ ಸಿಗಲಿ. ಇದನ್ನು ಒಟ್ಟಾಗಿ ಕೇಳಿ ಪಡೆಯೋಣ. ನಾವೂ ದಿನಕ್ಕೊಂದು ತಾಸು ಮಕ್ಕಳನ್ನು ಕೆಲಸದಿಂದ ಬಿಡೋಣ; ಹುಡುಗಿಯರನ್ನು ಮೊದಲು.