ಮುಗಿಲಿಗೇರಿದ ಜಗಲಿ

(ತಾಳಗುಪ್ಪದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಹಳೆಯ ಮನೆಗೆ ಜಗಲಿಯೇ ಮೊದಲ ರಕ್ಷೆ. ಬಿಸಿಲು ಗೋಡೆಯನ್ನು ಮುಟ್ಟುವ ಮೊದಲೇ ಇಳಿಜಾರು ಸೂರು ಅದನ್ನು ತಡೆಯುತ್ತದೆ. ಆಷಾಢದ ಎರಚಲು ಒಳಕೋಣೆಗೆ ಬಾರದಂತೆ ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರೆ. ಈ ತಿಳಿವಳಿಕೆ ಹೆಂಚಿನ ಮನೆಗಷ್ಟೇ ಸಲ್ಲತಕ್ಕದ್ದಲ್ಲ. ಮುಂಬಯಿಯ ಕಂಬಾಲಾ ಹಿಲ್ ಪ್ರದೇಶದಲ್ಲಿ 1983ರಲ್ಲಿ ಪೂರ್ಣಗೊಂಡ ‘ಕಾಂಚನಜುಂಗಾ’ ಎಂಬ ಬಹುಮಹಡಿ ವಸತಿ ಕಟ್ಟಡ ಇದಕ್ಕೆ ನಿದರ್ಶನ.

ಇದನ್ನು ವಿನ್ಯಾಸಗೊಳಿಸಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ (1930–2015). ತಳ 21 ಮೀಟರಿನ ಚೌಕ, ಎತ್ತರ ಸುಮಾರು 84 ಮೀಟರ್, ಒಳಗೆ 32 ಮನೆಗಳು. ಮುಂಬಯಿಯಲ್ಲಿ ಮನೆ ಪೂರ್ವ-ಪಶ್ಚಿಮಕ್ಕೆ ತೆರೆದುಕೊಂಡರೆ ಕಡಲಗಾಳಿ ಹಾಯುತ್ತದೆ, ಕಡಲ ನೋಟವೂ ದೊರೆಯುತ್ತದೆ. ಆದರೆ ಸುಡುವ ಬಿಸಿಲು, ಬಿರುಮಳೆಗಳೂ ಅದೇ ದಿಕ್ಕುಗಳಿಂದ ಬರುತ್ತವೆ. ಅಲ್ಲಿನ ಹಳೆಯ ಬಂಗಲೆಗಳು ಕೋಣೆಗಳ ಸುತ್ತ ಜಗಲಿ ಕಟ್ಟಿ ಈ ತೊಡಕನ್ನು ಬಿಡಿಸಿಕೊಂಡಿದ್ದವು. ಕೊರಿಯಾ ಅದೇ ಉಪಾಯವನ್ನು ಮೇಲಕ್ಕೊಯ್ದರು. ಕಟ್ಟಡದ ಮೂಲೆಗಳನ್ನು ತೆರವು ಮಾಡಿ, ಎರಡು ಅಂತಸ್ತಿನಷ್ಟು ಎತ್ತರದ ಕೈತೋಟದ ಜಗಲಿಗಳನ್ನು ರಚಿಸಿದರು. ಗಾಳಿಯ ಒತ್ತಡವನ್ನು ನಡುವಿನ ಕಾಂಕ್ರೀಟಿನ ಗೂಡು ತಾಳಿಕೊಳ್ಳುವುದರಿಂದ ಮೂಲೆಗಳನ್ನು ಹೀಗೆ ತೆರೆಯುವುದು ಸಾಧ್ಯವಾಯಿತು.

ಇದು ಸಿರಿವಂತರಿಗಾಗಿ ಕಟ್ಟಿದ್ದು ಎಂಬುದು ನಿಜ. ಆದರೂ ಇದರ ಪಾಠ ಎಲ್ಲರದು. ನೆರಳು, ಗಾಳಿಗಳನ್ನು ನಕ್ಷೆಯಲ್ಲಿಯೇ ಒದಗಿಸದ ಕಟ್ಟಡ ಅವನ್ನು ಯಂತ್ರದಿಂದ ಪಡೆಯಬೇಕಾಗುತ್ತದೆ. ಸುತ್ತಲೂ ಗಾಜು ಹೊದ್ದ ನಗರದ ಗೋಪುರಗಳು ಮಾಡುತ್ತಿರುವುದು ಇದನ್ನೇ. ಯಂತ್ರಕ್ಕೆ ವಿದ್ಯುತ್ತು ಬೇಕು. ವಿದ್ಯುತ್ತಿನ ಬೆಲೆ ಏನೆಂಬುದು ಈ ಸೀಮೆಗೆ ಹೊಸದಾಗಿ ಹೇಳಬೇಕಾದ್ದಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಶರಾವತಿ ಕಣಿವೆಯ ಊರು, ಗದ್ದೆ, ತೋಟ, ಕಾಡುಗಳನ್ನು ಮುಳುಗಿಸಿತು. 2019ರಲ್ಲಿ ಅದೇ ಜಲಾಶಯದ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ ಶಿವಮೊಗ್ಗ ಜಿಲ್ಲೆಯ ಜನ ಪ್ರತಿಭಟಿಸಿದರು.

ಇತ್ತ ಮಲೆನಾಡಿನಲ್ಲಿಯೂ ಜಗಲಿ ಕಳಚಿಕೊಂಡ, ಸೂರಿಲ್ಲದ ಚಪ್ಪಟೆ ತಾರಸಿಯ ಮನೆಗಳು ಏಳುತ್ತಿವೆ. ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಅವುಗಳ ಮೇಲೆ ತಗಡಿನ ಮಾಡು ಏರುವುದನ್ನು ಎಲ್ಲರೂ ಕಂಡಿದ್ದಾರೆ. ನಕ್ಷೆಯಲ್ಲಿ ಬಿಟ್ಟದ್ದಕ್ಕೆ ಹೀಗೆ ಎರಡನೆಯ ಬಾರಿ ಹಣ ತೆರಬೇಕಾಗುತ್ತದೆ.

ನಾಳೆ ಇಂಜಿನಿಯರುಗಳಾಗಿ ನಗರಕ್ಕೆ ಹೋಗುವ ಮಕ್ಕಳು ಇಲ್ಲಿದ್ದಾರೆ. ಬರುವ ಬೇಸಿಗೆಯಲ್ಲಿ ಪಾಯ ತೋಡುವ ಯಜಮಾನರೂ ಇದ್ದಾರೆ. ಮಹಡಿ ಒಂದಿರಲಿ, ಇಪ್ಪತ್ತಿರಲಿ, ನಕ್ಷೆಗೆ ಒಪ್ಪಿಗೆ ಕೊಡುವ ಮುನ್ನ ಕೇಳಬೇಕಾದದ್ದು ಇಷ್ಟೇ: ಮಳೆ ಯಾವ ದಿಕ್ಕಿನಿಂದ ಬರುತ್ತದೆ? ಗಾಳಿ ಎಲ್ಲಿಂದ ಹೊಕ್ಕು ಎಲ್ಲಿ ಹೊರಡುತ್ತದೆ? ಮಧ್ಯಾಹ್ನದ ಬಿಸಿಲಿಗೆ ನೆರಳು ಕೊಡುವುದು ಯಾವುದು?